ಹೊಗೆ ಎಳೆಯುವುದಕ್ಕೆ ತೆರುವ ಬೆಲೆ: ರಾಮನಗರ ಸೀಮೆಯ ರೇಷ್ಮೆ ಒಲೆಗಳು ಮತ್ತು ಚಿಮಣಿಯ ಸೆಳೆತ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳಲ್ಲಿ ಸೌದೆಯನ್ನು ನೆಚ್ಚಿದ ಕಸುಬುಗಳು ಹಲವಿದ್ದರೂ ಬೆಳಗಿನಿಂದ ಸಂಜೆಯವರೆಗೆ ಒಂದೇ ಹದದ ಉರಿಯನ್ನು ಬೇಡುವುದು ರೇಷ್ಮೆ ನೂಲು ಬಿಚ್ಚಾಣಿಕೆಯೇ. ಗೂಡಿನ ಎಳೆಯನ್ನು ಸುತ್ತುಸುತ್ತಾಗಿ ಹಿಡಿದಿಟ್ಟಿರುವುದು ಸೆರಿಸಿನ್ ಎಂಬ ಅಂಟು. ಎಳೆಯ ತೂಕದಲ್ಲಿ ಸುಮಾರು ಕಾಲು ಭಾಗದಷ್ಟಿರುವ ಈ ಅಂಟು ಕುದಿಯುವ ಹಂತಕ್ಕೆ ಹತ್ತಿರವಾದ ನೀರಿನಲ್ಲಿ ಮೆತ್ತಗಾದ ಮೇಲಷ್ಟೇ ಎಳೆಯ ತುದಿ ಕೈಗೆ ಸಿಕ್ಕುತ್ತದೆ, ಹಲವು ಗೂಡುಗಳ ಎಳೆಗಳು ಒಂದಾಗಿ ನೂಲಾಗುತ್ತವೆ. ನೀರು ಸಾಲದಷ್ಟು ಕಾದರೆ ಎಳೆ ಪದೇ ಪದೇ ಕಡಿಯುತ್ತದೆ. ಗೂಡು ಅತಿಯಾಗಿ ಬೆಂದರೆ ಎಳೆ ಗೊಂಚಲಾಗಿ ಎದ್ದು ಬಂದು ಜೂಟು, ಅಂದರೆ ಕಸರು ರೇಷ್ಮೆ, ಹೆಚ್ಚುತ್ತದೆ. ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕಾಯಿತೆಂಬ ಲೆಕ್ಕಕ್ಕೆ ಈ ಕಸುಬಿನಲ್ಲಿ ರೆಂಡಿಟಾ ಎಂಬ ಹೆಸರಿದ್ದು, ಮಿಶ್ರತಳಿ ಗೂಡಿನಲ್ಲಿ ಏಳೆಂಟರ ಆಸುಪಾಸಿನಲ್ಲಿರುವ ಆ ಅಂಕಿ ಸ್ವಲ್ಪ ಮೇಲೆ ಸರಿದರೂ ನೂಲು ಬಿಚ್ಚುವ ರೀಲರ್‌ನ ಲಾಭ ಕರಗಿಹೋಗುತ್ತದೆ. ಹೀಗಾಗಿ ಒಲೆ ಎಳೆಯುತ್ತಿಲ್ಲ ಎಂಬ ದೂರು ಇಲ್ಲಿ ಕೆಲಸಗಾರರ ಕಣ್ಣುರಿ, ಸೌದೆಯ ಖರ್ಚು, ನೂಲಿನ ಗುಣ ಮೂರಕ್ಕೂ ಒಟ್ಟಿಗೇ ಸಂಬಂಧಿಸಿದ್ದು.

ಒಲೆ ಎಳೆಯುವುದಕ್ಕೆ ಕಾರಣ ಸರಳ. ಚಿಮಣಿಯೊಳಗಿನ ಬಿಸಿ ಹೊಗೆ ಹೊರಗಿನ ಗಾಳಿಗಿಂತ ಹಗುರವಾಗಿರುವುದರಿಂದ ಎರಡರ ತೂಕದ ವ್ಯತ್ಯಾಸವೇ ಒಲೆಯ ಬಾಯಿಂದ ಹೊಸ ಗಾಳಿಯನ್ನು ಒಳಕ್ಕೆ ನುಗ್ಗಿಸಿ ಹೊಗೆಯನ್ನು ಮೇಲಕ್ಕೆ ದೂಡುತ್ತದೆ. ಈ ಬಲವನ್ನು ಸೆಳೆತ ಎನ್ನಬಹುದು. ಕೊಳವೆ ಎತ್ತರವಾದಷ್ಟೂ, ಅದರೊಳಗಿನ ಹೊಗೆ ಬಿಸಿಯಾದಷ್ಟೂ ಸೆಳೆತ ಹೆಚ್ಚು. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವ ರಾಮನಗರದಲ್ಲಿ ಹೊರಗಿನ ಗಾಳಿ 30 ಡಿಗ್ರಿ ಸೆಲ್ಸಿಯಸ್ ಇರುವಾಗ, 5 ಮೀಟರ್ ಎತ್ತರದ ಚಿಮಣಿಯಲ್ಲಿ 200 ಡಿಗ್ರಿಯ ಹೊಗೆ ಇದ್ದರೆ ದೊರೆಯುವ ಸೆಳೆತ ಲೆಕ್ಕದ ಪ್ರಕಾರ ಸುಮಾರು 19 ಪಾಸ್ಕಲ್, ಎಂದರೆ ಎರಡು ಮಿಲಿಮೀಟರಿನಷ್ಟು ನೀರಿನ ಪದರ ಒತ್ತುವಷ್ಟು ಬಲ. ಅದೇ ಹೊಗೆ 100 ಡಿಗ್ರಿಗೆ ತಣಿದರೆ ಸೆಳೆತ 10 ಪಾಸ್ಕಲ್‌ಗೆ ಇಳಿಯುತ್ತದೆ. 400 ಡಿಗ್ರಿಯಿದ್ದರೆ 29ಕ್ಕೆ ಏರುತ್ತದೆ. ಇಷ್ಟು ಅಲ್ಪವಾದ ಬಲವೇ ಇಡೀ ಒಲೆಯನ್ನು ನಡೆಸಬೇಕಾಗಿರುವುದರಿಂದ ಒಂದು ಬಿರುಕೋ, ಒಂದು ತಿರುವೋ, ಒಂದು ಹಸಿ ಕೊರಡೋ ಅದನ್ನು ಕೆಡಿಸಬಲ್ಲದು.

ಈ ಅಂಕಿಗಳಲ್ಲಿ ಒಂದು ಇಕ್ಕಟ್ಟೂ ಅಡಗಿದೆ. ಒಲೆ ಚೆನ್ನಾಗಿದೆ ಎಂದರೆ ಸೌದೆಯ ಶಾಖವೆಲ್ಲ ನೀರಿಗೆ ಸೇರಿ ಹೊಗೆ ತಣ್ಣಗಾಗಿ ಹೊರಬೀಳಬೇಕು. ಚಿಮಣಿ ಚೆನ್ನಾಗಿ ಎಳೆಯಬೇಕಾದರೆ ಹೊಗೆ ಬಿಸಿಯಾಗಿಯೇ ಹೊರಬೀಳಬೇಕು. ಸೌದೆ ಉಳಿಸುವುದು, ಹೊಗೆ ಕಳೆಯುವುದು ಎಂಬ ಎರಡು ಗುರಿಗಳು ಹೀಗೆ ಒಂದಕ್ಕೊಂದು ಎದುರಾಗಿ ನಿಂತಿದ್ದು, ಈ ಕ್ಷೇತ್ರದ ಬೆಳವಣಿಗೆಯನ್ನು ಇವೆರಡರ ನಡುವಣ ಚೌಕಾಸಿಯಾಗಿ ಓದುವುದು ಸೂಕ್ತ.

ಈ ಸೀಮೆಯ ಹಳೆಯ ಕುಲುಮೆಗಳು ಚಿಮಣಿಯನ್ನು ಅವಲಂಬಿಸಿರಲಿಲ್ಲ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಮಾಗಡಿ ಸುತ್ತಿನ ಕಬ್ಬಿಣದ ಕೆಲಸವನ್ನೂ ಚನ್ನಪಟ್ಟಣದ ಗಾಜಿನ ಮತ್ತು ಉಕ್ಕಿನ ತಂತಿಯ ಕೆಲಸವನ್ನೂ ದಾಖಲಿಸಿದ್ದಾನೆ. ಆ ಕಾಲದ ಕಬ್ಬಿಣದ ಕುಲುಮೆಗೆ ಗಾಳಿ ಬರುತ್ತಿದ್ದುದು ಚರ್ಮದ ತಿದಿಯಿಂದ. ಉರಿಯ ಹದ ತಿದಿ ಒತ್ತುವವನ ತೋಳಿನಲ್ಲಿತ್ತು. ಮನೆಯ ಒಲೆಗೆ ಅದೇ ಕೆಲಸವನ್ನು ಊದುಗೊಳವೆ ಮಾಡುತ್ತಿತ್ತು, ಹೊಗೆಯೋ ಅಟ್ಟದ ಮೇಲಿನ ಕಾಳುಕಡ್ಡಿಯನ್ನು ಹುಳುವಿನಿಂದ ಕಾಯುತ್ತ ಹೆಂಚಿನ ಸಂದಿಯಲ್ಲೋ ಬೆಳಕಿಂಡಿಯಲ್ಲೋ ಹೊರಟುಹೋಗುತ್ತಿತ್ತು. ಹೊಗೆಗೆ ಬೇರೆ ದಾರಿ ಮಾಡಿಕೊಡುವ ಶಾಸ್ತ್ರ ಬೆಳೆದದ್ದು ಚಳಿದೇಶಗಳಲ್ಲಿ. ಟಿಪ್ಪು ಸುಲ್ತಾನ್ ಮೈಸೂರು ಸೀಮೆಯಲ್ಲಿ ರೇಷ್ಮೆಗೆ ಬುನಾದಿ ಹಾಕುತ್ತಿದ್ದ ದಶಕದಲ್ಲೇ, 1785ರಲ್ಲಿ, ಬೆಂಜಮಿನ್ ಫ್ರಾಂಕ್ಲಿನ್ ಹೊಗೆಯಾಡುವ ಚಿಮಣಿಗಳ ಕಾರಣ ಮತ್ತು ಪರಿಹಾರದ ಬಗ್ಗೆ ಒಂದು ದೀರ್ಘ ಪತ್ರ ಬರೆದು, ಗಾಳಿಯಾಡದಂತೆ ಮುಚ್ಚಿದ ಕೋಣೆ, ಒಂದನ್ನೊಂದು ಸೋಲಿಸುವ ಎರಡು ಚಿಮಣಿಗಳು, ಪಕ್ಕದ ಎತ್ತರದ ಕಟ್ಟಡ ಮುಂತಾದ ಕಾರಣಗಳನ್ನು ಬಿಡಿಸಿಟ್ಟ. 1796ರಲ್ಲಿ ಕೌಂಟ್ ರಮ್‌ಫರ್ಡ್ ಅಗ್ಗಿಷ್ಟಿಕೆಯ ಗಂಟಲನ್ನು ಕಿರಿದು ಮಾಡಿದರೆ ಹೊಗೆ ಬೇಗ ಏರುತ್ತದೆಂದು ತೋರಿಸಿದ. ಇವರಿಬ್ಬರೂ ಎಣಿಸಿದ ದೋಷಗಳಲ್ಲಿ ಹೆಚ್ಚಿನವು ಇಂದಿನ ರಾಮನಗರದ ಓಣಿಗಳಲ್ಲೂ ಕಾಣಸಿಗುತ್ತವೆ.

ರೇಷ್ಮೆಯ ಒಲೆಗೆ ಚಿಮಣಿ ಬಂದದ್ದು ನೂಲು ಬಿಚ್ಚುವ ಯಂತ್ರ ಬದಲಾದ ಬೆನ್ನಲ್ಲೇ. ಚರಕದಲ್ಲಿ ಮಣ್ಣಿನ ಕಟ್ಟೆಯ ಮೇಲಿನ ಒಂದೇ ಬಾಣಲೆಯಲ್ಲಿ ಗೂಡು ಬೇಯುತ್ತದೆ, ಅಲ್ಲಿಂದಲೇ ನೂಲೂ ಎದ್ದು ಬರುತ್ತದೆ. ಹೊಗೆ ಮತ್ತು ಹಬೆ ಎರಡೂ ರೀಲರ್‌ನ ಮುಖಕ್ಕೇ ಬರುತ್ತವೆ. 1910ರ ದಶಕದಲ್ಲಿ ಮೈಸೂರು ಸರ್ಕಾರ ಇಟಲಿಯ ತಜ್ಞ ವಾಷಿಂಗ್ಟನ್ ಮಾರಿಯವರನ್ನು ಕರೆಸಿ ಚನ್ನಪಟ್ಟಣದಲ್ಲಿ ರೇಷ್ಮೆ ಕೃಷಿಕ್ಷೇತ್ರ ತೆರೆದಾಗ ಒತ್ತು ಬಿದ್ದದ್ದು ತಳಿ ಮತ್ತು ಮೊಟ್ಟೆಯ ಮೇಲೆ. ಮುಂದೆ ಕನಕಪುರದಂಥ ಕಡೆ ಬಂದ ಸರ್ಕಾರಿ ಫಿಲೇಚರ್‌ಗಳು, ಅಂದರೆ ಸಾಲಾಗಿ ಯಂತ್ರಗಳಿದ್ದು ಬಾಯ್ಲರಿನ ಹಬೆಯಿಂದ ನಡೆಯುವ ನೂಲು ಕಾರ್ಖಾನೆಗಳು, ಉರಿಯನ್ನು ಕೆಲಸದ ಜಾಗದಿಂದಲೇ ಹೊರಗಿಟ್ಟವು. ಚರಕಕ್ಕೂ ಫಿಲೇಚರ್‌ಗೂ ನಡುವೆ ನಿಂತದ್ದು ಕಾಟೇಜ್ ಬೇಸಿನ್. ಇದರಲ್ಲಿ ಗೂಡನ್ನು ಬೇರೊಂದು ತೊಟ್ಟಿಯಲ್ಲಿ ಬೇಯಿಸಿ, ಉಗುರುಬೆಚ್ಚಗಿನ ನೀರಿರುವ ಬೇಸಿನ್‌ಗಳಿಗೆ ಹಾಕಿ ನೂಲು ತೆಗೆಯುತ್ತಾರೆ. ಹತ್ತಾರು ಬೇಸಿನ್‌ಗಳಿಗೆ ಒಂದೇ ಬೇಯಿಸುವ ಒಲೆ ಸಾಕಾದ್ದರಿಂದ ಉರಿಯೆಲ್ಲ ಒಂದು ಕಡೆ ಒಟ್ಟಾಯಿತು, ಒಟ್ಟಾದ ಹೊಗೆಗೆ ಗೋಡೆಯಾಚೆಗೊಂದು ಕೊಳವೆ ಅನಿವಾರ್ಯವಾಯಿತು. ಮೇಸ್ತ್ರಿಗಳು ಕೈಗೆ ಸಿಕ್ಕ ತಗಡಿನ ಅಥವಾ ಸಿಮೆಂಟಿನ ಪೈಪು ನಿಲ್ಲಿಸಿದರು. ಸೆಳೆತದ ತೊಂದರೆಗಳ ಚರಿತ್ರೆ ಈ ಸೀಮೆಯಲ್ಲಿ ನಿಜವಾಗಿ ಆರಂಭವಾಗುವುದು ಇಲ್ಲಿಂದ.

ಒಲೆಯನ್ನು ವಿಜ್ಞಾನವಾಗಿ ನೋಡುವ ಪ್ರಯತ್ನ ಭಾರತದಲ್ಲಿ ಅಡುಗೆಮನೆಯಿಂದ ಶುರುವಾಯಿತು. ವಾರ್ಧಾದ ಮಗನವಾಡಿಯ ಮಗನ್ ಚುಲ್ಹಾ, ಹೈದರಾಬಾದಿನಲ್ಲಿ ಎಸ್. ಪಿ. ರಾಜು ರೂಪಿಸಿದ ಹೊಗೆರಹಿತ ಒಲೆ ಮೊದಲ ತಲೆಮಾರಿನವು. ಹೊಗೆಯನ್ನು ಹೊರಹಾಕುವುದು ಅವುಗಳ ಮುಖ್ಯ ಗುರಿ. ಎರಡನೆಯ ತಲೆಮಾರು ಸೌದೆಯ ಲೆಕ್ಕ ಹಿಡಿದು ಬಂತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ಆರಂಭವಾದ, ಹಳ್ಳಿಗೆ ಒಗ್ಗುವ ತಂತ್ರಜ್ಞಾನದ ಅಸ್ತ್ರ ಕೇಂದ್ರವು ಮಾಗಡಿಗೆ ತಾಗಿಕೊಂಡಿರುವ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ನೆಲೆಯೂರಿ ಹಳ್ಳಿಯ ಇಂಧನ ಬಳಕೆಯನ್ನು ಅಳೆಯಿತು, 1980ರ ದಶಕದ ಆರಂಭದಲ್ಲಿ ಎಸ್. ಎಸ್. ಲೋಕ್ರಸ್, ಕೆ. ಎಸ್. ಜಗದೀಶ್ ಮತ್ತು ಸಂಗಡಿಗರು ಅಸ್ತ್ರ ಒಲೆಯನ್ನು ರೂಪಿಸಿದರು. ಮೂರು ಪಾತ್ರೆಗಳ ಈ ಒಲೆಯಲ್ಲಿ ಸೌದೆ ಕಂಬಿಯ ಜಾಲರಿಯ ಮೇಲೆ ಉರಿಯುತ್ತದೆ, ಗಾಳಿ ಅಳೆದ ತೂತುಗಳಿಂದಷ್ಟೇ ಒಳಬರುತ್ತದೆ, ಬಿಸಿ ಹೊಗೆ ಒಂದರ ನಂತರ ಒಂದು ಪಾತ್ರೆಯ ತಳವನ್ನು ಸವರಿ ಚಿಮಣಿ ಸೇರುತ್ತದೆ; ಪರೀಕ್ಷೆಯಲ್ಲಿ ಸೌದೆಯ ಶಾಖದ ಶೇಕಡಾ 40ಕ್ಕಿಂತ ಹೆಚ್ಚು ಭಾಗ ಪಾತ್ರೆಗೆ ಸೇರಿತು. ಚಿಮಣಿಯನ್ನು ಒಲೆಯ ಕೊನೆಯಲ್ಲಿ ಸಿಕ್ಕಿಸುವ ಬಾಲವೆಂದು ಬಗೆಯದೆ, ಗಾಳಿಯ ತೂತು, ಜಾಲರಿ, ಪಾತ್ರೆಯಡಿಯ ಸಂದು, ಕೊಳವೆ ಇವೆಲ್ಲವನ್ನೂ ಒಂದೇ ದಾರಿಯ ಭಾಗಗಳೆಂದು ಲೆಕ್ಕ ಹಾಕಿದ್ದು ಈ ವಿನ್ಯಾಸದ ನಿಜವಾದ ಕೊಡುಗೆ. ಶೇಕಡಾವಾರು ಅಂಕಿಗೆ ಸಿಕ್ಕ ಪ್ರಚಾರ ಇದಕ್ಕೆ ಸಿಗಲಿಲ್ಲ.

ಅದೇ ಸುಮಾರಿಗೆ ಆರಂಭವಾದ ಕೇಂದ್ರ ಸರ್ಕಾರದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ 2002ರಲ್ಲಿ ಮುಗಿಯಿತು. ಒಲೆ ಕಟ್ಟಿಸುವುದಕ್ಕೆ ಹಣವಿತ್ತು. ಕಟ್ಟಿದ ಮೇಲೆ ಕೊಳವೆಯ ಮಸಿ ತೆಗೆಯುವುದು ಯಾರ ಕೆಲಸವೆಂಬುದು ಮಾತ್ರ ತೀರ್ಮಾನವಾಗಿರಲಿಲ್ಲ. ಮಸಿ ಕಟ್ಟಿದ ಚಿಮಣಿಯ ಒಲೆ ಚಿಮಣಿಯೇ ಇಲ್ಲದ ಒಲೆಗಿಂತ ಕೆಟ್ಟದಾಗಿ ಹೊಗೆಯಾಡುತ್ತದೆ, ಜನ ಅದನ್ನು ಒಡೆದು ಹಾಕಿದರೆ ಅವರನ್ನು ದೂರುವಂತಿಲ್ಲ.

ರೇಷ್ಮೆಯ ಒಲೆಯನ್ನೇ ಗುರಿಯಾಗಿಟ್ಟುಕೊಂಡ ಕೆಲಸ ಅಡುಗೆ ಒಲೆಯ ಕೆಲಸದ ಬೆನ್ನಲ್ಲೇ ಬಂತು. 1983ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಕೇಂದ್ರೀಯ ರೇಷ್ಮೆ ತಾಂತ್ರಿಕ ಸಂಶೋಧನಾ ಸಂಸ್ಥೆ ಬಿಚ್ಚಾಣಿಕೆಯ ಯಂತ್ರಗಳ ಸುಧಾರಣೆಯನ್ನು ಕೈಗೊಂಡಿತು. 1990ರ ದಶಕದಲ್ಲಿ ಇಂಧನ ಸಂಶೋಧನೆಯ ಟೆರಿ ಸಂಸ್ಥೆ ಸ್ವಿಟ್ಜರ್ಲೆಂಡಿನ ಅಭಿವೃದ್ಧಿ ನೆರವಿನೊಂದಿಗೆ ರೇಷ್ಮೆ ಒಲೆಗೆ ಗ್ಯಾಸಿಫೈಯರ್ ಜೋಡಿಸಿತು. ಮುಚ್ಚಿದ ಉರುಳೆಯಲ್ಲಿ ಸೌದೆಗೆ ಬೇಕಾದುದಕ್ಕಿಂತ ಕಡಿಮೆ ಗಾಳಿ ಕೊಟ್ಟರೆ ಅದು ಪೂರ್ತಿ ಉರಿಯದೆ ಇಂಗಾಲದ ಮಾನಾಕ್ಸೈಡ್, ಜಲಜನಕ ಮುಂತಾದ ಉರಿಯಬಲ್ಲ ಅನಿಲಗಳಾಗುತ್ತದೆ; ಆ ಅನಿಲವನ್ನು ತೊಟ್ಟಿಯಡಿ ಉರಿಸಿದರೆ ಮಸಿ ಬಹಳ ಕಡಿಮೆ, ಉರಿಯ ಹದವೂ ಕೈಯಲ್ಲಿರುತ್ತದೆ. ಆದರೆ ಇದಕ್ಕೆ ಸಣ್ಣಗೆ ಕಡಿದು ಒಣಗಿಸಿದ ಸೌದೆಯೂ ಗಾಳಿ ದೂಡುವ ಬ್ಲೋವರ್‌ಗೆ ಕರೆಂಟೂ ಬೇಕು. ಕೈಗೆ ಬಂದ ಮಾವಿನ ಕೊರಡು, ನೀಲಗಿರಿಯ ಬೇರು, ಹಿಪ್ಪುನೇರಳೆ ಕಡ್ಡಿ ಎಲ್ಲವನ್ನೂ ಒಲೆಗೆ ತುರುಕುವ ರೂಢಿಗೆ ಮೊದಲನೆಯದು ಹೊಂದಲಿಲ್ಲ. ಎರಡನೆಯದು ಹೊಂದುವುದು ಬಿಡುವುದು ವಿದ್ಯುತ್ ಸರಬರಾಜಿನ ಮರ್ಜಿ. 1993ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ, ಸ್ವಾತಿ ಭೋಗ್ಲೆ ಮುನ್ನಡೆಸಿದ ಟೈಡ್ ಸಂಸ್ಥೆ ಬೇರೆ ದಾರಿ ಹಿಡಿದು, ವಿಜ್ಞಾನ ಸಂಸ್ಥೆಯ ಒಲೆ ತತ್ವಗಳನ್ನು ರೇಷ್ಮೆ, ಬಣ್ಣಗಾರಿಕೆ, ಅಡಿಕೆ ಬೇಯಿಸುವಿಕೆಯಂಥ ಸಣ್ಣ ಉದ್ಯಮಗಳ ಒಲೆಗಳಿಗೆ ಹಿಗ್ಗಿಸಿತು. ಒಲೆ ಕಟ್ಟಿ ಮಾರುವ ಸ್ಥಳೀಯ ಉದ್ಯಮಿಗಳನ್ನೂ ತಯಾರು ಮಾಡಿತು. 2008ರಲ್ಲಿ ಅದಕ್ಕೆ ಆಶ್ಡೆನ್ ಪ್ರಶಸ್ತಿ ಬಂತು. ಕೆಟ್ಟ ಒಲೆಯನ್ನು ನೋಡಲು ಬರುವ ಮನುಷ್ಯ ಹತ್ತಿರದಲ್ಲೇ ಇರಬೇಕೆಂಬ ತಿಳಿವಳಿಕೆ ಹಿಂದಿನ ಕಾರ್ಯಕ್ರಮಗಳಲ್ಲಿ ಇಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ.

ಇಷ್ಟೆಲ್ಲದರ ಫಲವಾಗಿ ಕೂಡಿಬಂದ ಅರಿವನ್ನು ಒಂದು ಬಿಚ್ಚಾಣಿಕೆ ಶೆಡ್ಡಿನೊಳಗೆ ತಂದು ನೋಡಬಹುದು. ಒಂದು ಕಿಲೋ ಒಣಸೌದೆ ಪೂರ್ತಿ ಉರಿಯಲು ಸುಮಾರು 6 ಕಿಲೋ ಗಾಳಿ ಬೇಕು. ಆಚರಣೆಯಲ್ಲಿ ಇದರ ಎರಡರಷ್ಟು ಒಳಹೋಗುತ್ತದೆಂದು ಹಿಡಿದರೆ ಗಂಟೆಗೆ 10 ಕಿಲೋ ಸೌದೆ ತಿನ್ನುವ ಒಲೆ ಆ ಒಂದು ಗಂಟೆಯಲ್ಲಿ 110 ಘನ ಮೀಟರಿನಷ್ಟು ಗಾಳಿಯನ್ನು ಎಳೆಯುತ್ತದೆ. ಹತ್ತಡಿ ಅಗಲ, ಹದಿನೈದಡಿ ಉದ್ದ, ಹತ್ತಡಿ ಎತ್ತರದ ಕೋಣೆಯಲ್ಲಿರುವ ಗಾಳಿ ಸುಮಾರು 42 ಘನ ಮೀಟರ್ ಮಾತ್ರ. ಹಬೆ ಹೊರಹೋಗಲೆಂದು ಗೋಡೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿ, ಕಿಟಕಿ ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಫ್ಯಾನಿನ ಬಲದ ಮುಂದೆ 19 ಪಾಸ್ಕಲ್‌ನ ಚಿಮಣಿ ಸೋಲುತ್ತದೆ, ಹೊರಗಿನ ಗಾಳಿ ಕೊಳವೆಯ ಮೂಲಕವೇ ಕೆಳಗಿಳಿದು ಹೊಗೆ ಒಲೆಯ ಬಾಯಿಂದ ಹೊರಬರುತ್ತದೆ. ಇಂಥಲ್ಲಿ ಚಿಮಣಿಯನ್ನು ಇನ್ನೂ ಐದಡಿ ಏರಿಸುವುದು ದುಡ್ಡು ದಂಡ. ಒಲೆಯ ಬಾಯಿಗೆ ಹತ್ತಿರ ಗೋಡೆಯ ಬುಡದಲ್ಲೊಂದು ಗಾಳಿಗಂಡಿ ತೆಗೆದರೆ ಸಾಕು. ಚಳಿಗಾಲದಲ್ಲಿ ಹುಳುಮನೆಯನ್ನು ಬೆಚ್ಚಗಿಡಲು ಇದ್ದಿಲ ಒಲೆಯನ್ನು ಮುಚ್ಚಿದ ಕೋಣೆಯಲ್ಲಿಡುವುದೂ ಇದೇ ಬಗೆಯ ತಪ್ಪು. ಅಲ್ಲಿ ಹೊಗೆ ಕಾಣುವುದಿಲ್ಲ, ವಿಷಾನಿಲ ಮಾತ್ರ ಉಳಿಯುತ್ತದೆ.

ಕೊಳವೆಯ ಅಗಲದ ಲೆಕ್ಕವೂ ಹೀಗೆಯೇ. ಮೇಲೆ ಹೇಳಿದ ಒಲೆಯ ಹೊಗೆ 200 ಡಿಗ್ರಿಯಲ್ಲಿ ಆರಿಂಚಿನ ಕೊಳವೆಯಲ್ಲಿ ಸೆಕೆಂಡಿಗೆ ಎರಡೂವರೆ ಮೀಟರಿಗಿಂತ ಸ್ವಲ್ಪ ಹೆಚ್ಚು ವೇಗದಲ್ಲಿ ಸಾಗಿದರೆ ಸಾಕು, ಅದಕ್ಕೆ ಖರ್ಚಾಗುವ ಸೆಳೆತ ಎರಡು ಮೂರು ಪಾಸ್ಕಲ್. ಅದೇ ಹೊಗೆ ನಾಲ್ಕಿಂಚಿನ ಕೊಳವೆಯಲ್ಲಿ ಸುಮಾರು 6 ಮೀಟರ್ ವೇಗದಲ್ಲಿ ಓಡಬೇಕಾಗಿ, ಇರುವ 19 ಪಾಸ್ಕಲ್‌ನಲ್ಲಿ 12 ವೇಗಕ್ಕೇ ಹೋಗುತ್ತದೆ. ಉಳಿದ ಏಳರಲ್ಲಿ ಜಾಲರಿ, ತೊಟ್ಟಿಯಡಿಯ ಸಂದು, ಕೊಳವೆಯ ತಿಕ್ಕಾಟ, ತಿರುವು ಎಲ್ಲವೂ ಪಾಲು ಕೇಳುತ್ತವೆ. ಗೋಡೆ ದಾಟಿಸಲು ಹಾಕುವ ಎರಡು ಮೊಳಕೈ ತಿರುವುಗಳ ಬದಲು ಓರೆಯಾಗಿ ಏರುವ ಒಂದೇ ತುಂಡು ಹಾಕಿದರೆ ಉಳಿತಾಯ ಕಣ್ಣಿಗೇ ಕಾಣುತ್ತದೆ. ಬರಿ ತಗಡಿನ ಕೊಳವೆ ಮಳೆಗಾಲದಲ್ಲಿ ಹೊಗೆಯನ್ನು ತಣಿಸಿ ಸೆಳೆತವನ್ನು ಕುಗ್ಗಿಸುವುದರಿಂದ, ಇಟ್ಟಿಗೆಯ ಕೊಳವೆಯೋ ಎರಡು ತಗಡುಗಳ ನಡುವೆ ಬೂದಿ ತುಂಬಿದ ಕೊಳವೆಯೋ ಮೇಲು. ಹಸಿ ಸೌದೆಯ ಕೇಡು ಎರಡು ಪಟ್ಟು: ನೀರನ್ನು ಆವಿ ಮಾಡಲು ಶಾಖ ಹೋಗಿ ಉರಿ ಕುಗ್ಗುತ್ತದೆ, ಅರೆಬೆಂದ ಹೊಗೆಯ ಡಾಂಬರಿನಂಥ ಜಿಡ್ಡು ತಣ್ಣಗಿನ ಕೊಳವೆಯ ಒಳಮೈಗೆ ಅಂಟಿ ದಾರಿಯನ್ನೇ ಕಿರಿದು ಮಾಡುತ್ತದೆ.

ತುದಿಯ ಜಾಗವೂ ಮುಖ್ಯ. ಮೂರು ಮೀಟರಿನೊಳಗೆ ಇರುವ ಯಾವುದೇ ಛಾವಣಿಗಿಂತ ಚಿಮಣಿ ಕನಿಷ್ಠ ಎರಡಡಿ ಎತ್ತರವಿರಬೇಕೆಂಬುದು ಹೊರದೇಶಗಳಲ್ಲಿ ಬಳಕೆಯಲ್ಲಿರುವ ನಿಯಮ. ಹಂಚಿನ ಮನೆಗಳ ಕಾಲಕ್ಕೆ ಸರಿಯಾಗಿದ್ದ ಕೊಳವೆ, ಪಕ್ಕದಲ್ಲಿ ಎರಡಂತಸ್ತಿನ ತಾರಸಿ ಎದ್ದ ವರ್ಷ ಆಷಾಢದ ಗಾಳಿಗೆ ಹಿಮ್ಮುಖವಾಗುವುದು ಇದರಿಂದಲೇ. ಮಳೆಗೆಂದು ಹಾಕಿದ ಟೋಪಿ ಕೊಳವೆಯ ಬಾಯಿಗೆ ತೀರ ಹತ್ತಿರವಾದರೆ ಅದೂ ಅಡ್ಡಿಯೇ. ಸೆಳೆತ ಅತಿಯಾದರೆ ಬೇರೆ ಕಾಟ: ತಣ್ಣಗಿನ ಗಾಳಿ ಧಾರಾಳವಾಗಿ ನುಗ್ಗಿ ಶಾಖವನ್ನು ಹೊತ್ತೊಯ್ಯುತ್ತದೆ, ಸೌದೆ ಬೇಗ ಮುಗಿಯುತ್ತದೆ, ನೀರು ಮಾತ್ರ ಕಾಯುವುದಿಲ್ಲ. ಕೊಳವೆಯ ಬುಡದಲ್ಲಿ ತಿರುಗಿಸಬಲ್ಲ ತಗಡಿನ ಡ್ಯಾಂಪರ್, ಒಲೆಯ ಬಾಯಿಗೆ ಮುಚ್ಚಳ ಇವೆರಡರಿಂದ ಈ ಅತಿಯನ್ನು ಹಿಡಿಯಬಹುದು. ಎರಡು ಒಲೆಗಳನ್ನು ಒಂದೇ ಕೊಳವೆಗೆ ಸೇರಿಸಿದಲ್ಲಿ ಒಂದನ್ನು ಹೊತ್ತಿಸದ ದಿನ ಅದರ ದಾರಿಯನ್ನು ಮುಚ್ಚುವುದು ಕಡ್ಡಾಯ, ಇಲ್ಲವಾದರೆ ತಣ್ಣನೆಯ ಒಲೆಯಿಂದ ಬರುವ ಗಾಳಿ ಉರಿಯುತ್ತಿರುವ ಒಲೆಯ ಸೆಳೆತವನ್ನು ಕದಿಯುತ್ತದೆ.

ಇತ್ತೀಚಿನ ವರ್ಷಗಳಲ್ಲಿ ದ್ವಿತಳಿ ಗೂಡಿಗಾಗಿ ಬಂದಿರುವ ಸ್ವಯಂಚಾಲಿತ ಬಿಚ್ಚಾಣಿಕೆ ಯಂತ್ರಗಳು ಬಾಯ್ಲರಿನ ಹಬೆಯನ್ನು ಬಳಸುತ್ತವೆ. ಬಾಯ್ಲರಿನಲ್ಲಿ ಹೊಗೆಯನ್ನು ಫ್ಯಾನಿನಿಂದ ಎಳೆಸುವುದೂ ಉಂಟು. ಆಗ ಹೊಗೆಯನ್ನು ಎಷ್ಟು ತಣಿಸಿದರೂ ಸೆಳೆತ ಕುಂದದೆ, ಬೆಲೆಯನ್ನು ಶಾಖದ ಬದಲು ಕರೆಂಟಿನಲ್ಲಿ ತೆರಲಾಗುತ್ತದೆ. ಮುಂಚೆ ತಿದಿ ಒತ್ತುತ್ತಿದ್ದ ತೋಳಿನ ಜಾಗಕ್ಕೆ ಮೋಟಾರು ಬಂದಿದೆ ಎನ್ನಬಹುದು, ಕರೆಂಟು ಹೋದ ಗಳಿಗೆಯಲ್ಲಿ ಒಲೆಯ ಬಾಗಿಲಿಂದ ಹೊಗೆ ಬರುವುದೂ ತಪ್ಪಿಲ್ಲ. ಕಾಟೇಜ್ ಬೇಸಿನ್ ಮತ್ತು ಚರಕ ಇವುಗಳ ಜೊತೆಯಲ್ಲೇ ನಡೆಯುತ್ತಿದ್ದು, ಅಲ್ಲಿ ಈಗಲೂ ಮೊದಲು ನೋಡಬೇಕಾದುದು ಕೊಳವೆಯ ಬುಡದಲ್ಲಿ ಮಸಿ ತೆಗೆಯುವ ಕಿಂಡಿ ಇದೆಯೇ ಎಂಬುದನ್ನು. ಅಂಗೈಯಗಲದ ಆ ಕಿಂಡಿಯನ್ನು ಮೇಸ್ತ್ರಿ ಬಿಟ್ಟಿದ್ದರೆ ವಾರಕ್ಕೊಮ್ಮೆ ಮಸಿ ಕೆರೆಯಬಹುದು. ಬೆಳಗ್ಗೆ ಒಲೆ ಹೊತ್ತಿಸುವ ಮುನ್ನ ಅಲ್ಲೊಂದು ಕಾಗದ ಉರಿಸಿದರೆ ತಣ್ಣಗಿನ ಕೊಳವೆ ಕಾದು ಸೆಳೆತ ಹಿಡಿಯುತ್ತದೆ, ಕಾಗದದ ಹೊಗೆ ಹಿಂದಕ್ಕೆ ಬಂದರೆ ಮೇಲೆ ಎಲ್ಲೋ ಕಟ್ಟಿಕೊಂಡಿದೆಯೆಂದೂ ಆಗಲೇ ತಿಳಿಯುತ್ತದೆ.