ದ್ರವ್ಯವೇದ, ಭಾವವೇದ ಮತ್ತು ಒಂದು ಹಣೆಪಟ್ಟಿ

10ನೆಯ ಶತಮಾನದಲ್ಲಿ ಚಾವುಂಡರಾಯನಿಗಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ರಚಿಸಿದ ಗೊಮ್ಮಟಸಾರವು ಸ್ತ್ರೀ, ಪುರುಷ, ನಪುಂಸಕವೆಂಬ ಮೂರು ವೇದಗಳನ್ನು ಹೇಳುತ್ತದೆ. ದೇಹದ ಚಿಹ್ನೆ ದ್ರವ್ಯವೇದ, ನಾಮಕರ್ಮದ ಫಲ. ಒಳಗಿನ ಕಾಮಪ್ರವೃತ್ತಿ ಭಾವವೇದ, ಮೋಹನೀಯಕರ್ಮದ ಫಲ. ಇವೆರಡೂ ಪ್ರಾಯಃ ಸಮ, ಕೆಲವೆಡೆ ವಿಷಮ ಎಂಬುದು ಆಚಾರ್ಯರ ಮತ.

2019ರ ಕೇಂದ್ರ ಕಾಯ್ದೆಯು ಹಿಜಡಾ, ಅರವಾಣಿ, ಜೋಗತರೆಲ್ಲರನ್ನೂ ಟ್ರಾನ್ಸ್‌ಜೆಂಡರ್ ಎಂಬ ಒಂದೇ ಪದದಡಿ ತಂದಿತು. ಹಕ್ಕಿಗೆ ಆ ಪದ ಬೇಕು. ಆದರೆ ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಜೋಗಪ್ಪಗಳಲ್ಲಿ ಹಲವರಿಗೆ ಗುರುತೆಂದರೆ ಮೊದಲು ದೇವಿಯೊಡನಿರುವ ಸಂಬಂಧ. ಆ ಪದ ತಮ್ಮದಲ್ಲವೆಂದು ಅವರಿಗೆ ಅನಿಸಿದರೆ ಅಚ್ಚರಿಯಿಲ್ಲ.

ಶಾಸ್ತ್ರದ ವೇದವು ಇಂದಿನ ಲಿಂಗಗುರುತಿಗೆ ಪರ್ಯಾಯವಲ್ಲ. ಆದರೂ ಅಲ್ಲೊಂದು ವಿವೇಕವಿದೆ: ಹೊರಗೆ ಕಂಡದ್ದು ಒಳಗಿನದಕ್ಕೆ ಪ್ರಮಾಣವಾಗದು, ವೇದವೂ ಕರ್ಮೋದಯವೇ ಹೊರತು ಜೀವದ ಸ್ವರೂಪವಲ್ಲ.