ಮಲ್ಟಿಪಲ್ ಸ್ಕ್ಲೆರೋಸಿಸ್ ಮತ್ತು ಬಿಳಿ ರಕ್ತಕಣಗಳ ಪ್ರಮಾಣ

ಮಲ್ಟಿಪಲ್ ಸ್ಕ್ಲೆರೋಸಿಸ್ ಅಥವಾ ಸಂಕ್ಷಿಪ್ತವಾಗಿ ಎಂಎಸ್ ಎಂಬುದು ಮಿದುಳು, ಬೆನ್ನುಹುರಿ ಮತ್ತು ದೃಷ್ಟಿನರಗಳನ್ನು ಒಳಗೊಂಡ ಕೇಂದ್ರ ನರಮಂಡಲವನ್ನು ಬಾಧಿಸುವ ದೀರ್ಘಕಾಲಿಕ ಕಾಯಿಲೆಯಾಗಿದೆ. ನರತಂತುಗಳನ್ನು ಸುತ್ತುವರಿದಿರುವ ಮಯಲಿನ್ ಎಂಬ ಕೊಬ್ಬಿನಂಶದ ಹೊದಿಕೆಯ ಮೇಲೆ ದೇಹದ ರೋಗನಿರೋಧಕ ವ್ಯವಸ್ಥೆಯೇ ದಾಳಿ ನಡೆಸುವುದು ಈ ಕಾಯಿಲೆಯ ಮುಖ್ಯ ಲಕ್ಷಣ. ಈ ದಾಳಿಯಲ್ಲಿ ಬಿಳಿ ರಕ್ತಕಣಗಳ ಪಾತ್ರ ಪ್ರಧಾನವಾದುದು. ಆದರೂ ಚಿಕಿತ್ಸೆ ಆರಂಭಿಸದ ಬಹುತೇಕ ರೋಗಿಗಳ ರಕ್ತದಲ್ಲಿ ಬಿಳಿ ರಕ್ತಕಣಗಳ ಒಟ್ಟು ಸಂಖ್ಯೆಯು ಸಾಮಾನ್ಯ ಮಿತಿಯಲ್ಲೇ ಇರುತ್ತದೆ. ಎಣಿಕೆಯಲ್ಲಿ ಕಂಡುಬರುವ ಗಮನಾರ್ಹ ಏರಿಳಿತಗಳಿಗೆ ಸಾಮಾನ್ಯವಾಗಿ ಔಷಧಗಳು ಅಥವಾ ಸೋಂಕುಗಳು ಕಾರಣವಾಗಿರುತ್ತವೆ.

ಸಾಮಾನ್ಯ ಪ್ರಮಾಣ

ಆರೋಗ್ಯವಂತ ವಯಸ್ಕರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು 4,000ದಿಂದ 11,000 ಬಿಳಿ ರಕ್ತಕಣಗಳಿರುತ್ತವೆ. ಇವುಗಳಲ್ಲಿ ನ್ಯೂಟ್ರೋಫಿಲ್, ಲಿಂಫೋಸೈಟ್, ಮೊನೊಸೈಟ್, ಇಯೊಸಿನೊಫಿಲ್ ಮತ್ತು ಬೇಸೊಫಿಲ್ ಎಂಬ ಐದು ಬಗೆಗಳಿವೆ. ಬ್ಯಾಕ್ಟೀರಿಯಾಗಳ ವಿರುದ್ಧ ಮೊದಲು ಹೋರಾಡುವ ನ್ಯೂಟ್ರೋಫಿಲ್‌ಗಳ ಸಂಖ್ಯೆಯೇ ಹೆಚ್ಚು. ಲಿಂಫೋಸೈಟ್‌ಗಳು ಸುಮಾರು 1,000ದಿಂದ 4,000ದವರೆಗೆ ಇರುತ್ತವೆ. ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಈ ಮಿತಿಗಳಲ್ಲಿ ಸ್ವಲ್ಪ ವ್ಯತ್ಯಾಸವಿರುತ್ತದೆ. ಎಂಎಸ್‌ನ ದೃಷ್ಟಿಯಿಂದ ಲಿಂಫೋಸೈಟ್‌ಗಳು, ಅದರಲ್ಲೂ ಟಿ ಕೋಶ ಮತ್ತು ಬಿ ಕೋಶಗಳೆಂಬ ಅವುಗಳ ಎರಡು ಪ್ರಭೇದಗಳು ಅತ್ಯಂತ ಮುಖ್ಯವಾದವು.

ಕಾಯಿಲೆಯಲ್ಲಿ ಬಿಳಿ ರಕ್ತಕಣಗಳ ಪಾತ್ರ

ರಕ್ತದಲ್ಲಿರುವ ಕಣಗಳು ಮಿದುಳಿನ ಅಂಗಾಂಶವನ್ನು ಸುಲಭವಾಗಿ ಪ್ರವೇಶಿಸದಂತೆ ರಕ್ತ-ಮಿದುಳಿನ ತಡೆಗೋಡೆಯು ನೋಡಿಕೊಳ್ಳುತ್ತದೆ. ಎಂಎಸ್‌ನಲ್ಲಿ, ಪ್ರಚೋದನೆಗೊಂಡ ಟಿ ಕೋಶಗಳು ರಕ್ತನಾಳದ ಒಳಗೋಡೆಗೆ ಅಂಟಿಕೊಂಡು ಈ ತಡೆಗೋಡೆಯನ್ನು ದಾಟುತ್ತವೆ. ಒಳಸೇರಿದ ಬಳಿಕ ಅವು ಉರಿಯೂತವನ್ನು ಹೆಚ್ಚಿಸುವ ರಾಸಾಯನಿಕಗಳನ್ನು ಸ್ರವಿಸುತ್ತವೆ. ಇದರಿಂದ ಮೊನೊಸೈಟ್‌ಗಳಿಂದ ರೂಪುಗೊಂಡ ಮ್ಯಾಕ್ರೋಫೇಜ್‌ಗಳೂ ಮಿದುಳಿನದೇ ಆದ ಮೈಕ್ರೋಗ್ಲಿಯಾ ಕೋಶಗಳೂ ಸಕ್ರಿಯಗೊಂಡು ಮಯಲಿನ್ ಹೊದಿಕೆಯನ್ನು ನಾಶಪಡಿಸುತ್ತವೆ. ಬಿ ಕೋಶಗಳು ಟಿ ಕೋಶಗಳನ್ನು ಪ್ರಚೋದಿಸುವುದರ ಜೊತೆಗೆ ಪ್ರತಿಕಾಯಗಳನ್ನು ತಯಾರಿಸುವ ಪ್ಲಾಸ್ಮಾ ಕೋಶಗಳಾಗಿಯೂ ಮಾರ್ಪಡುತ್ತವೆ.

ಬಿ ಕೋಶಗಳಲ್ಲಿ ಜೀವನಪರ್ಯಂತ ಅಡಗಿರುವ ಎಪ್‌ಸ್ಟೀನ್-ಬಾರ್ ವೈರಸ್‌ಗೂ ಈ ಕಾಯಿಲೆಗೂ ಇರುವ ಸಂಬಂಧವು ಸಂಶೋಧನೆಯ ವಿಷಯವಾಗಿದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಒಂದು ಕೋಟಿಗೂ ಹೆಚ್ಚು ಸೈನಿಕ ಸಿಬ್ಬಂದಿಯ ಮಾಹಿತಿಯನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಈ ವೈರಸ್‌ನ ಸೋಂಕಿನ ನಂತರ ಎಂಎಸ್ ಬರುವ ಸಾಧ್ಯತೆಯು 32 ಪಟ್ಟು ಹೆಚ್ಚುತ್ತದೆಂದು ಕಂಡುಬಂದಿತು. ಆದರೆ ಜಗತ್ತಿನ ಬಹುಪಾಲು ವಯಸ್ಕರಿಗೆ ಈ ಸೋಂಕು ತಗುಲಿರುತ್ತದೆ ಮತ್ತು ಅವರಲ್ಲಿ ಕೆಲವೇ ಮಂದಿಗೆ ಎಂಎಸ್ ಬರುತ್ತದೆ.

ರಕ್ತದ ಎಣಿಕೆ ಬದಲಾಗದಿರಲು ಕಾರಣ

ದೇಹದ ಒಟ್ಟು ಲಿಂಫೋಸೈಟ್‌ಗಳಲ್ಲಿ ಶೇಕಡಾ 2ರಷ್ಟು ಮಾತ್ರ ಯಾವುದೇ ಒಂದು ಸಮಯದಲ್ಲಿ ರಕ್ತದಲ್ಲಿ ಸಂಚರಿಸುತ್ತಿರುತ್ತವೆ. ಉಳಿದವು ದುಗ್ಧಗ್ರಂಥಿ, ಗುಲ್ಮ, ಅಸ್ಥಿಮಜ್ಜೆ ಮತ್ತು ಇತರ ಅಂಗಾಂಶಗಳಲ್ಲಿರುತ್ತವೆ. ಮಿದುಳನ್ನು ಪ್ರವೇಶಿಸುವ ಕೋಶಗಳ ಸಂಖ್ಯೆಯು ಇವುಗಳಿಗೆ ಹೋಲಿಸಿದರೆ ಅತ್ಯಲ್ಪ. ಎಂಎಸ್‌ನಲ್ಲಿ ವ್ಯತ್ಯಾಸವಾಗುವುದು ಕೋಶಗಳ ಸಂಖ್ಯೆಗಿಂತ ಹೆಚ್ಚಾಗಿ ಅವುಗಳ ವರ್ತನೆ ಮತ್ತು ನೆಲೆ. ಆದ್ದರಿಂದ ಸಾಮಾನ್ಯ ರಕ್ತಪರೀಕ್ಷೆಯಿಂದ ಎಂಎಸ್ ಇದೆಯೆಂದು ಹೇಳಲಾಗದು. ಎಣಿಕೆಯು ಸರಿಯಾಗಿದ್ದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದೂ ಹೇಳಲಾಗದು. ರೋಗನಿರ್ಣಯದ ಹಂತದಲ್ಲಿ ರಕ್ತಪರೀಕ್ಷೆಯನ್ನು ಮಾಡುವುದು ಇಂತಹುದೇ ಲಕ್ಷಣಗಳನ್ನು ಉಂಟುಮಾಡುವ ಇತರ ಕಾಯಿಲೆಗಳನ್ನು ಪ್ರತ್ಯೇಕಿಸುವ ಸಲುವಾಗಿ.

ಮಿದುಳು-ಬೆನ್ನುಹುರಿ ದ್ರವದಲ್ಲಿನ ಬದಲಾವಣೆ

ಬೆನ್ನಿನ ಕೆಳಭಾಗದಲ್ಲಿ ಸೂಜಿ ಚುಚ್ಚಿ ತೆಗೆಯುವ ಮಿದುಳು-ಬೆನ್ನುಹುರಿ ದ್ರವದಲ್ಲಿ ಸಾಮಾನ್ಯವಾಗಿ ಒಂದು ಘನ ಮಿಲಿಮೀಟರಿಗೆ 5ಕ್ಕಿಂತ ಹೆಚ್ಚು ಬಿಳಿ ಕಣಗಳಿರುವುದಿಲ್ಲ. ಎಂಎಸ್ ಇರುವ ಅನೇಕರಲ್ಲಿ ಈ ಸಂಖ್ಯೆ ಸಹಜವಾಗಿಯೇ ಇರುತ್ತದೆ. ಉಳಿದವರಲ್ಲಿ ಅಲ್ಪ ಪ್ರಮಾಣದ ಏರಿಕೆ ಕಂಡುಬರುತ್ತದೆ. ಕಣಗಳ ಸಂಖ್ಯೆಯು 50ನ್ನು ಮೀರಿದರೆ ಅಥವಾ ನ್ಯೂಟ್ರೋಫಿಲ್‌ಗಳು ಕಾಣಿಸಿಕೊಂಡರೆ ವೈದ್ಯರು ಸೋಂಕು ಮೊದಲಾದ ಬೇರೆ ಕಾರಣಗಳನ್ನು ಹುಡುಕುತ್ತಾರೆ. ಕಣಗಳ ಸಂಖ್ಯೆಗಿಂತಲೂ ಹೆಚ್ಚು ಉಪಯುಕ್ತವಾದ ಸೂಚಕವೆಂದರೆ ಆಲಿಗೋಕ್ಲೋನಲ್ ಪಟ್ಟಿಗಳು. ನರಮಂಡಲದ ಒಳಗೇ ಪ್ರತಿಕಾಯಗಳು ತಯಾರಾಗುತ್ತಿರುವುದನ್ನು ಇವು ತೋರಿಸುತ್ತವೆ. 2017ರಲ್ಲಿ ಪರಿಷ್ಕೃತಗೊಂಡ ಮೆಕ್‌ಡೊನಾಲ್ಡ್ ಮಾನದಂಡಗಳಲ್ಲಿ ಈ ಪಟ್ಟಿಗಳಿಗೆ ರೋಗನಿರ್ಣಯದ ಸಾಕ್ಷ್ಯವಾಗಿ ಸ್ಥಾನ ನೀಡಲಾಗಿದೆ.

ಔಷಧಗಳ ಪರಿಣಾಮ

ಎಂಎಸ್‌ನ ಗತಿಯನ್ನು ನಿಧಾನಗೊಳಿಸುವ ಔಷಧಗಳಲ್ಲಿ ಹೆಚ್ಚಿನವು ಬಿಳಿ ರಕ್ತಕಣಗಳ ಮೇಲೆಯೇ ಕೆಲಸ ಮಾಡುತ್ತವೆ. ಅವುಗಳ ಪರಿಣಾಮವು ಎಣಿಕೆಯಲ್ಲಿ ಬೇರೆ ಬೇರೆ ರೀತಿಯಲ್ಲಿ ಪ್ರತಿಫಲಿಸುತ್ತದೆ.

ಸೌಮ್ಯವಾಗಿ ಇಳಿಸುವವು: 1993ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಇಂಟರ್‌ಫೆರಾನ್ ಬೀಟಾ ಕೆಲವರಲ್ಲಿ ಬಿಳಿ ಕಣಗಳ ಸಂಖ್ಯೆಯನ್ನು ತಗ್ಗಿಸುತ್ತದೆ. ಟೆರಿಫ್ಲುನೊಮೈಡ್ ಔಷಧವು ವೇಗವಾಗಿ ವಿಭಜನೆಗೊಳ್ಳುವ ಲಿಂಫೋಸೈಟ್‌ಗಳ ವೃದ್ಧಿಯನ್ನು ತಡೆಯುವುದರಿಂದ ಎಣಿಕೆಯು ಸ್ವಲ್ಪ ಇಳಿಯುತ್ತದೆ. ಡೈಮಿಥೈಲ್ ಫ್ಯೂಮರೇಟ್ ಸೇವಿಸುವವರಲ್ಲಿ ಮೊದಲ ವರ್ಷದಲ್ಲಿ ಲಿಂಫೋಸೈಟ್‌ಗಳು ಸರಾಸರಿ ಶೇಕಡಾ 30ರಷ್ಟು ಕಡಿಮೆಯಾಗಿ ಅನಂತರ ಸ್ಥಿರಗೊಳ್ಳುತ್ತವೆ. ಗ್ಲಾಟಿರಾಮರ್ ಅಸಿಟೇಟ್ ಎಣಿಕೆಯನ್ನು ಸಾಮಾನ್ಯವಾಗಿ ಬದಲಿಸುವುದಿಲ್ಲ.

ಸಂಚಾರವನ್ನು ತಡೆಯುವವು: 2010ರಲ್ಲಿ ಅನುಮೋದನೆ ಪಡೆದ ಫಿಂಗೊಲಿಮಾಡ್ ಲಿಂಫೋಸೈಟ್‌ಗಳನ್ನು ದುಗ್ಧಗ್ರಂಥಿಗಳಲ್ಲಿಯೇ ತಡೆಹಿಡಿಯುತ್ತದೆ. ರಕ್ತದಲ್ಲಿನ ಸಂಖ್ಯೆಯು ಮೊದಲಿನ ಶೇಕಡಾ 20ರಿಂದ 30ಕ್ಕೆ ಇಳಿಯುತ್ತದೆಯಾದರೂ ಕೋಶಗಳು ನಾಶವಾಗುವುದಿಲ್ಲ. ಔಷಧ ನಿಲ್ಲಿಸಿದ ಒಂದೆರಡು ತಿಂಗಳಲ್ಲಿ ಎಣಿಕೆಯು ಸಾಮಾನ್ಯವಾಗಿ ಮರಳುತ್ತದೆ. ನಟಲಿಜುಮ್ಯಾಬ್ ಇದಕ್ಕೆ ವ್ಯತಿರಿಕ್ತವಾದುದು. ಅದು ಲಿಂಫೋಸೈಟ್‌ಗಳು ಮಿದುಳಿನೊಳಗೆ ದಾಟದಂತೆ ತಡೆಯುವುದರಿಂದ ಅವು ರಕ್ತದಲ್ಲೇ ಉಳಿದು ಎಣಿಕೆ ಏರುತ್ತದೆ.

ಕೋಶಗಳನ್ನು ನಾಶಪಡಿಸುವವು: ಅಲೆಮ್‌ಟುಜುಮ್ಯಾಬ್ ಟಿ ಮತ್ತು ಬಿ ಕೋಶಗಳೆರಡನ್ನೂ ತೀವ್ರವಾಗಿ ಕುಗ್ಗಿಸುತ್ತದೆ. ಬಿ ಕೋಶಗಳು ಸುಮಾರು ಆರು ತಿಂಗಳಲ್ಲಿ ಚೇತರಿಸಿಕೊಂಡರೆ ಟಿ ಕೋಶಗಳಿಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಬೇಕಾಗಬಹುದು. ಕ್ಲಾಡ್ರಿಬಿನ್ ಮಾತ್ರೆಯೂ ಲಿಂಫೋಸೈಟ್‌ಗಳನ್ನು ಕಡಿಮೆಗೊಳಿಸುತ್ತದೆ. ಎರಡನೆಯ ವರ್ಷದ ಸರದಿಯನ್ನು ಆರಂಭಿಸಲು ಲಿಂಫೋಸೈಟ್‌ಗಳು ಕನಿಷ್ಠ 800 ಇರಬೇಕೆಂಬ ನಿಯಮವಿದೆ. ಒಕ್ರೆಲಿಜುಮ್ಯಾಬ್ ಮತ್ತು ರಿಟುಕ್ಸಿಮ್ಯಾಬ್ ಔಷಧಗಳು ಮುಖ್ಯವಾಗಿ ಬಿ ಕೋಶಗಳನ್ನು ಗುರಿಯಾಗಿಸುತ್ತವೆ. ಲಿಂಫೋಸೈಟ್‌ಗಳಲ್ಲಿ ಬಿ ಕೋಶಗಳ ಪಾಲು ಚಿಕ್ಕದಾದ ಕಾರಣ, ಅವು ಬಹುಮಟ್ಟಿಗೆ ಇಲ್ಲವಾದರೂ ಒಟ್ಟು ಎಣಿಕೆಯು ಸಹಜವಾಗಿಯೇ ಕಾಣಬಹುದು.

ಸ್ಟಿರಾಯ್ಡ್‌ಗಳು: ಕಾಯಿಲೆ ಮರುಕಳಿಸಿದಾಗ ಸಾಮಾನ್ಯವಾಗಿ ದಿನಕ್ಕೆ 1 ಗ್ರಾಂನಂತೆ 3ರಿಂದ 5 ದಿನ ಮಿಥೈಲ್‌ಪ್ರೆಡ್ನಿಸೊಲೋನ್ ನೀಡಲಾಗುತ್ತದೆ. ರಕ್ತನಾಳದ ಗೋಡೆಗೆ ಅಂಟಿಕೊಂಡಿದ್ದ ನ್ಯೂಟ್ರೋಫಿಲ್‌ಗಳು ಇದರಿಂದ ಬಿಡಿಸಿಕೊಂಡು ರಕ್ತಪ್ರವಾಹವನ್ನು ಸೇರುವುದರಿಂದ ಎಣಿಕೆ ತಾತ್ಕಾಲಿಕವಾಗಿ ಏರುತ್ತದೆ. ಈ ಏರಿಕೆಯನ್ನು ಸೋಂಕಿನ ಚಿಹ್ನೆಯೆಂದು ತಪ್ಪಾಗಿ ತಿಳಿಯುವ ಸಾಧ್ಯತೆಯಿದೆ.

ಸೋಂಕು ಮತ್ತು ಎಣಿಕೆಯ ಏರಿಕೆ

ಮೂತ್ರಕೋಶದ ನಿಯಂತ್ರಣ ಕುಂದಿದ ಎಂಎಸ್ ರೋಗಿಗಳಲ್ಲಿ ಮೂತ್ರದ ಸೋಂಕು ಸಾಮಾನ್ಯ. ಸೋಂಕಿನಿಂದ ಬಿಳಿ ಕಣಗಳು ಹೆಚ್ಚುತ್ತವೆ. ಜ್ವರದಿಂದ ದೇಹದ ಉಷ್ಣತೆ ಏರಿದಾಗ ಹಳೆಯ ನರಲಕ್ಷಣಗಳು ತಾತ್ಕಾಲಿಕವಾಗಿ ಉಲ್ಬಣಿಸುತ್ತವೆ. ಇದನ್ನು ಹುಸಿ ಮರುಕಳಿಕೆ ಎನ್ನಲಾಗುತ್ತದೆ. ಸೋಂಕಿಗೆ ಚಿಕಿತ್ಸೆ ನೀಡಿದಾಗ ಲಕ್ಷಣಗಳು ಹಿಂದಿನ ಸ್ಥಿತಿಗೆ ಮರಳುತ್ತವೆ. ಆದ್ದರಿಂದ ಸ್ಟಿರಾಯ್ಡ್ ಆರಂಭಿಸುವ ಮುನ್ನ ಸೋಂಕು ಇದೆಯೇ ಎಂದು ಪರೀಕ್ಷಿಸುವುದು ರೂಢಿಯಲ್ಲಿದೆ.

ಅಪಾಯಗಳು ಮತ್ತು ನಿಗಾ

ಲಿಂಫೋಸೈಟ್‌ಗಳು 500ಕ್ಕಿಂತ ಕೆಳಗಿಳಿದರೆ ಅದನ್ನು ತೀವ್ರ ಕೊರತೆಯೆಂದೂ 200ಕ್ಕಿಂತ ಕೆಳಗಿಳಿದರೆ ಅತಿ ತೀವ್ರ ಕೊರತೆಯೆಂದೂ ವರ್ಗೀಕರಿಸಲಾಗುತ್ತದೆ. ಇಂತಹ ಸ್ಥಿತಿಯಲ್ಲಿ ಸರ್ಪಸುತ್ತು ಮೊದಲಾದ ಸೋಂಕುಗಳ ಸಾಧ್ಯತೆ ಹೆಚ್ಚು. ಡೈಮಿಥೈಲ್ ಫ್ಯೂಮರೇಟ್ ಸೇವಿಸುವವರಲ್ಲಿ ಎಣಿಕೆಯು ಆರು ತಿಂಗಳಿಗೂ ಹೆಚ್ಚು ಕಾಲ 500ಕ್ಕಿಂತ ಕಡಿಮೆಯಿದ್ದರೆ ಔಷಧವನ್ನು ನಿಲ್ಲಿಸುವ ಬಗ್ಗೆ ಪರಿಶೀಲಿಸಲಾಗುತ್ತದೆ.

ಜೆಸಿ ವೈರಸ್‌ನಿಂದ ಉಂಟಾಗುವ ಪಿಎಂಎಲ್ ಎಂಬ ಮಿದುಳಿನ ಸೋಂಕು ವಿರಳವಾದರೂ ಮಾರಣಾಂತಿಕವಾಗಬಲ್ಲದು. ನಟಲಿಜುಮ್ಯಾಬ್ ಅನ್ನು 2005ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಲು ಈ ಸೋಂಕೇ ಕಾರಣವಾಯಿತು. ನಿಗಾ ಕ್ರಮಗಳೊಂದಿಗೆ 2006ರಲ್ಲಿ ಅದು ಮರಳಿ ಬಂದಿತು. ರಕ್ತದಲ್ಲಿ ಲಿಂಫೋಸೈಟ್‌ಗಳು ಹೆಚ್ಚಾಗಿದ್ದರೂ ಮಿದುಳಿಗೆ ಅವುಗಳ ರಕ್ಷಣೆ ದೊರೆಯದಿರುವುದು ಈ ಅಪಾಯದ ಮೂಲ. ಹೀಗಾಗಿ ಎಣಿಕೆಯೊಂದರಿಂದಲೇ ರೋಗನಿರೋಧಕ ಶಕ್ತಿಯನ್ನು ಅಳೆಯಲು ಸಾಧ್ಯವಿಲ್ಲ. ಈ ಔಷಧಕ್ಕೆ ಸಂಬಂಧಿಸಿದಂತೆ ಜೆಸಿ ವೈರಸ್ ಪ್ರತಿಕಾಯಗಳ ಪರೀಕ್ಷೆಯನ್ನೂ, ಬಿ ಕೋಶಗಳನ್ನು ಗುರಿಯಾಗಿಸುವ ಔಷಧಗಳಿಗೆ ಮುನ್ನ ಹೆಪಟೈಟಿಸ್ ಬಿ ಪರೀಕ್ಷೆಯನ್ನೂ ಮಾಡಲಾಗುತ್ತದೆ. ಕ್ಷಯರೋಗವು ವ್ಯಾಪಕವಾಗಿರುವ ಭಾರತದಂತಹ ದೇಶಗಳಲ್ಲಿ ಸುಪ್ತ ಕ್ಷಯದ ತಪಾಸಣೆಯೂ ಮಹತ್ವದ್ದಾಗಿದೆ. ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಔಷಧಗಳನ್ನು ಪಡೆಯುತ್ತಿರುವವರಿಗೆ ಜೀವಂತ ರೋಗಾಣುಗಳಿಂದ ತಯಾರಿಸಿದ ಲಸಿಕೆಗಳನ್ನು ಸಾಮಾನ್ಯವಾಗಿ ನೀಡುವುದಿಲ್ಲ. ಅಗತ್ಯವಿರುವ ಲಸಿಕೆಗಳನ್ನು ಚಿಕಿತ್ಸೆಗೆ ಮೊದಲೇ ಹಾಕಲಾಗುತ್ತದೆ.