ನೀರೆತ್ತುವ ಎಂಜಿನ್ನು ಗಾಡಿ ಏರಿದ ಕತೆ

ತುರ್ವಿಹಾಳದ ರೈತಬಾಂಧವರೇ, ನೀರೆತ್ತುವ ಎಂಜಿನ್ನು ಸುಮ್ಮನೆ ಕೂತಿದೆ, ಹಳೇ ಜೀಪಿಗೇ ಕೂಡಿಸಿದರೆ ಹ್ಯಾಂಗ ಅಂತೀರಲ್ಲ, ಕೇಳಿ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯಲ್ಲಿ ಓಡಿಸಿ ತೋರಿಸಿದ ಎಂಜಿನ್ನು ಆಳೆತ್ತರ ಮೀರಿತ್ತು. ಅಂಥದು ಮರ್ಸಿಡಿಸ್ ಕಾರಿನೊಳಗೆ ಹಿಡಿಸಿದ್ದು 1936ರಲ್ಲಿ! ಅದರಲ್ಲಿ ಕಿಡಿಯಿಲ್ಲ; ಗಾಳಿಯನ್ನು ಹದಿನೈದು-ಇಪ್ಪತ್ತು ಪಟ್ಟು ಹಿಂಡಿದ ಕಾವಿಗೇ ಎಣ್ಣೆ ಹೊತ್ತಬೇಕು. ಆ ಒತ್ತಡ ತಾಳಲೆಂದೇ ಬೀಡು ದಪ್ಪ, ತೂಕ ಬಹಳ.

ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನದವರು 1946ರಲ್ಲಿ ಪುಣೆಯಲ್ಲಿ ಆಯಿಲ್ ಎಂಜಿನ್ ಕಂಪನಿ ಕಟ್ಟಿದರು. ಉತ್ತರದ ಹಳ್ಳಿಗಳವರು ಪಂಪಿನ ಎಂಜಿನ್ನನ್ನೇ ಗಾಡಿಗೆ ಬಿಗಿದು ‘ಜುಗಾಡ್’ ಅಂದರು. ಜಾಣತನವೇ! ಆದರೆ ಬ್ರೇಕು? 2013ರಲ್ಲಿ ಸುಪ್ರೀಂ ಕೋರ್ಟು, ಅದೂ ಮೋಟಾರು ವಾಹನವೇ, ನೋಂದಣಿ ಬೇಕು ಎಂದಿತು.

ಜೀಪಿನ ಸ್ಪ್ರಿಂಗು, ಬ್ರೇಕು ಹಗುರ ಎಂಜಿನ್ನಿಗೆ ಲೆಕ್ಕ ಹಾಕಿದವು. ಹಿಂದೆ ಮಕ್ಕಳು ಕೂತಿರತಾರ. 1988ರ ಕಾಯಿದೆಯಂತೆ, ಬಿಚ್ಚುವ ಮೊದಲೇ ನೋಂದಣಿ ಅಧಿಕಾರಿಯ ಅನುಮತಿ ಪಡೆಯಿರಿ.